ಅಂಗಡಿಯಲ್ಲಿ ಕಿತ್ತಳೆ, ಮನೆಯಲ್ಲಿ ಬೀರು

ಸೆಂಟಿನ ಕೌಂಟರಿನಲ್ಲಿ ವ್ಯಾಪಾರ ಕುದುರಲು ಐದು ನಿಮಿಷ ಸಾಕು. ಮಣಿಕಟ್ಟಿಗೆ ಪುಸ್ ಅಂತ ಒಂದು ಸಲ, ಮೂಗಿಗೆ ಆಗಷ್ಟೇ ಸುಲಿದ ಕಿತ್ತಳೆಯ ಘಮ, ಜೇಬಿನಿಂದ ಕಾರ್ಡು ಹೊರಗೆ. ರಾತ್ರಿ ಊಟಕ್ಕೆ ಕೂತಾಗ ಅದೇ ಕೈಯಿಂದ ಅಜ್ಜಿಯ ಬೀರುವಿನ ವಾಸನೆ! ಬಾಟಲಿ ಬದಲಿಸಿದರೇ ಎಂಬ ಗುಮಾನಿ ಹುಟ್ಟುವುದು ಆಗಲೇ. ಪಾಪ, ಅಂಗಡಿಯವರು ಏನೂ ಮಾಡಿಲ್ಲ. ಹೆಣ್ಣು ನೋಡಲು ಬಂದ ದಿನ ಗಂಡು ಇಸ್ತ್ರಿ ಅಂಗಿ ತೊಟ್ಟು ನಯವಾಗಿ ಮಾತಾಡುತ್ತದಲ್ಲ, ಸೆಂಟು ಹೊಡೆದ ಕೂಡಲೇ ಮೂಗಿಗೆ ಬರುವ ಮೊದಲ ವಾಸನೆ, ಅಂದರೆ ಟಾಪ್ ನೋಟ್, ಅದೇ.

ನಿಂಬೆ, ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ ಬಲು ಹಗುರ, ಅಣುತೂಕ 136. ಮೈಯ ಬಿಸಿಗೆ ಹತ್ತು ಹದಿನೈದು ನಿಮಿಷದಲ್ಲಿ ಪರಾರಿ. ಹಿಂದೆಯೇ ಬರುವ ಮಲ್ಲಿಗೆ, ಗುಲಾಬಿ ಮಿಡ್ಲ್ ನೋಟ್‌ನವು, ಎರಡು ಮೂರು ಗಂಟೆ ಇರುತ್ತವೆ. ಮಲ್ಲಿಗೆಗೆ ಆ ಅಮಲು ಬರುವುದರಲ್ಲಿ ಇಂಡೋಲ್ ಎಂಬ ರಾಸಾಯನಿಕದ ಪಾಲು ದೊಡ್ಡದು. ಇದೇ ಇಂಡೋಲ್ ಮಲದಲ್ಲೂ ಇದೆ. ದೇವರ ತಲೆಗೆ ಏರುವ ಹೂವಿನ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದು ಬೇಡ. ಕೊನೆಗೆ ಗಂಧ, ಲಾವಂಚ, ವೆನಿಲಾ, ಕಸ್ತೂರಿಯ ಬೇಸ್ ನೋಟ್. ಗಂಧದ ಸ್ಯಾಂಟಲೋಲ್‌ನ ಅಣುತೂಕ 220, ಏಳು ಅಂದರೂ ಬೇಗ ಏಳುವ ಪೈಕಿಯಲ್ಲ. ಸಂಜೆಯವರೆಗೆ ಮೈಮೇಲೆ ಸಂಸಾರ ಮಾಡುವುದು ಇದೇ.

ಉತ್ತರ ಪ್ರದೇಶದ ಕನೌಜಿನ ಅತ್ತರು ಇದರ ತಿರುಗುಮುರುಗು. ತಾಮ್ರದ ಹಂಡೆಯಲ್ಲಿ ಹೂವು ಬೇಯಿಸಿ, ಆವಿಯನ್ನು ನೇರ ಗಂಧದೆಣ್ಣೆಗೆ ಇಳಿಸುತ್ತಾರೆ. ಮೊದಲ ಹನಿಯಿಂದಲೇ ಬೇಸು ಕೂತಿರುತ್ತದೆ. ಗಂಧದೆಣ್ಣೆಯ ಬೆಲೆ ಗಗನಕ್ಕೇರಿದ ಮೇಲೆ ಆ ಜಾಗಕ್ಕೆ ಲಿಕ್ವಿಡ್ ಪ್ಯಾರಫಿನ್ ಎಂಬ ಖನಿಜ ಎಣ್ಣೆ ಬಂದಿರುವುದೂ ಉಂಟು. ಕೊಳ್ಳುವ ಮುಂಚೆ ಕೇಳಿ.

ಹೊಡೆದ ತಕ್ಷಣ ಎರಡು ಮಣಿಕಟ್ಟು ತಿಕ್ಕುವ ಚಾಳಿ ಎಲ್ಲರಿಗೂ ಇದೆ. ಅಣು ಜಜ್ಜಿಹೋಗುತ್ತದೆ ಎನ್ನುವುದು ಬರೀ ಬುರುಡೆ. ಆದರೆ ಬಿಸಿ ಹೆಚ್ಚಿ ಟಾಪ್ ನೋಟ್ ಇನ್ನೂ ಬೇಗ ಓಡುತ್ತದೆ, ಅದಕ್ಕೇ ದುಡ್ಡು ಕೊಟ್ಟಿದ್ದವರಿಗೆ ನಷ್ಟ. ಒಣ ಚರ್ಮದ ಮೇಲೆ ಎಲ್ಲವೂ ಬೇಗ ಮಾಯ. ಮೊದಲು ಚೂರು ವ್ಯಾಸಲೀನ್ ಸವರಿ. ರೇಷ್ಮೆ ಸೀರೆಯ ಮೇಲೆ ಮಾತ್ರ ಹೊಡೆಯಬೇಡಿ, ಎಣ್ಣೆಯ ಕಲೆ ಸೀರೆಗಿಂತ ಗಟ್ಟಿ. ಬಾಟಲಿ ಬಚ್ಚಲಲ್ಲೂ ಬೇಡ, ಬಿಸಿಗೂ ಬೆಳಕಿಗೂ ಮೊದಲು ಕೆಡುವುದು ಆ ಕಿತ್ತಳೆಯೇ.

ಕೊಳ್ಳುವಾಗ ಒಂದೇ ದಿನ ಮೂರಕ್ಕಿಂತ ಹೆಚ್ಚು ಮೂಸಬೇಡಿ. ಸೆಂಟು ಹೊಡೆದ ಕಾಗದದ ಪಟ್ಟಿಯ ಮೇಲೆ ಹೆಸರು ಬರೆದು ಜೇಬಿಗೆ ಹಾಕಿ, ಕಾಲು ಗಂಟೆ ಬಿಟ್ಟು ಒಮ್ಮೆ, ಒಂದು ಗಂಟೆ ಬಿಟ್ಟು ಒಮ್ಮೆ, ನಾಲ್ಕು ಗಂಟೆ ಬಿಟ್ಟು ಇನ್ನೊಮ್ಮೆ ಮೂಸಿ. ಗೆದ್ದದ್ದನ್ನು ಮಾರನೇ ದಿನ ಮೈಮೇಲೆ ನೋಡಿ. ಮೂಗು ತಿಳಿಯಾಗಲೆಂದು ಕೌಂಟರಿನಲ್ಲಿ ಇಡುವ ಕಾಫಿಬೀಜದ ಬಟ್ಟಲು ಬರೀ ಶೋಕಿ. ಮೂಗಿಗೆ ವಿರಾಮ ಬೇಕಿದ್ದರೆ ನಿಮ್ಮದೇ ಮೊಣಕೈ ಮೂಸಿದರೆ ಸಾಕು.

ಇನ್ನು ಹತ್ತು ಸಲ ಹೊಡೆದುಕೊಂಡು ಲಿಫ್ಟು ಹತ್ತುವವರು. ಅವರದ್ದೂ ತಪ್ಪಲ್ಲ: ಒಂದೇ ವಾಸನೆಗೆ ಮೂಗು ಬೇಗ ಒಗ್ಗಿಹೋಗುತ್ತದೆ, ಹೊಡೆದವರಿಗೆ ಮಾತ್ರ ಏನೂ ಬರುವುದಿಲ್ಲ. ಒಂದು ಗೇಣು ದೂರದಿಂದ ಎರಡೇ ಸಲ ಹೊಡೆದು, ಅರ್ಧ ಗಂಟೆ ಬಿಟ್ಟು ಮನೆಯವರನ್ನು ಕೇಳಿ. ಮಾತಿಗಿಂತ ಮೊದಲು ಸೀನು ಬಂದರೆ ನಾಳೆಯಿಂದ ಒಂದೇ ಸಲ.