ಸತ್ಯಾಂಶ: ಕಾರ್ನ್‌ಫ್ಲೇಕ್ಸ್ ಕಾಮನಿಗ್ರಹದ ಔಷಧಿಯಾಗಿತ್ತೇ?

ಕೆಲಾಗ್ಸ್ ಕಾರ್ನ್‌ಫ್ಲೇಕ್ಸ್ ಅನ್ನು ಹಸ್ತಮೈಥುನ ತಡೆಯಲೆಂದೇ ಕಂಡುಹಿಡಿದು ಮಾರಲಾಯಿತು ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ, ಅದು ನಿಜವಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್‌ನಲ್ಲಿ ಆರೋಗ್ಯಧಾಮ ನಡೆಸುತ್ತಿದ್ದ ವೈದ್ಯ ಜಾನ್ ಹಾರ್ವೆ ಕೆಲಾಗ್, ಮಸಾಲೆ ಪದಾರ್ಥಗಳು ಕಾಮವನ್ನು ಕೆರಳಿಸುತ್ತವೆಂದು ಬರೆದದ್ದು ಹೌದು, ವದಂತಿಯ ಬೇರು ಇರುವುದು ಅಲ್ಲಿಯೇ. ಆದರೆ 1896ರಲ್ಲಿ ಅವರಿಗೆ ದೊರೆತ ಪೇಟೆಂಟ್‌ನಲ್ಲಿ, ಧಾನ್ಯವನ್ನು ನೆನೆಸಿ, ಬೇಯಿಸಿ, ರೋಲರ್‌ಗಳ ನಡುವೆ ತೆಳ್ಳಗೆ ಒತ್ತಿ, ಸುಲಭವಾಗಿ ಜೀರ್ಣವಾಗುವ ಗರಿಗರಿಯಾದ ಚಕ್ಕೆ ಮಾಡುವ ವಿಧಾನವಿದೆಯೇ ಹೊರತು ಕಾಮದ ಪ್ರಸ್ತಾಪವೇ ಇಲ್ಲ.

ಇನ್ನು ಮಾರಾಟ ಬೆಳೆಸಿದವರು ಅವರಲ್ಲ, ತಮ್ಮ ವಿಲ್ ಕೀತ್ ಕೆಲಾಗ್. 1906ರಲ್ಲಿ ಪ್ರತ್ಯೇಕ ಕಂಪನಿ ಕಟ್ಟಿದ ಅವರು, ಅಣ್ಣನಿಗೆ ಒಗ್ಗದ ಸಕ್ಕರೆಯನ್ನು ಬೆರೆಸಿ, ಪೊಟ್ಟಣದ ಮೇಲೆ ತಮ್ಮ ಸಹಿಯನ್ನೇ ಅಚ್ಚು ಹಾಕಿಸಿದರು. 1907ರ ನ್ಯೂಯಾರ್ಕ್ ಜಾಹೀರಾತಂತೂ, ದಿನಸಿ ಅಂಗಡಿಯವನತ್ತ ಕಣ್ಣು ಮಿಟುಕಿಸಿದ ಗೃಹಿಣಿಗೆ ಒಂದು ಪೊಟ್ಟಣ ಉಚಿತವೆಂದು ಸಾರಿತ್ತು.