ಪತ್ತನಾಜೆಯೊಳಗೆ ಮುಗಿಸಿಬಿಡಿ

ಮಳೆಗಾಲದ ತಯಾರಿ ಅಂದರೆ ನಮ್ಮಲ್ಲಿ ಸೌದೆ, ಹಲಸಿನ ಹಪ್ಪಳ, ಉಪ್ಪಿನಲ್ಲಿ ಹಾಕಿದ ಸೊಳೆ. ಹೊಟ್ಟೆಯ ವ್ಯವಸ್ಥೆಗೆ ಕೊರತೆಯಿಲ್ಲ. ಮಾಡಿನ (ಛಾವಣಿಯ) ನೀರು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರೆ ಮಾತ್ರ ಮುಖ ಮುಖ ನೋಡುತ್ತಾರೆ. ಜೂನ್ ಬರಲಿ ನೋಡುವ ಅನ್ನುವವರು 2018ರ ಮೇ 29ನ್ನು ನೆನಪಿಸಿಕೊಳ್ಳಿ. ಪತ್ತನಾಜೆ (ತುಳು ಪಂಚಾಂಗದ ಬೇಶ ತಿಂಗಳ ಹತ್ತನೇ ದಿನ, ಮೇ 24-25ರ ಹೊತ್ತಿಗೆ) ಕಳೆದು ವಾರ ಆಗಿರಲಿಲ್ಲ, ಮಂಗಳೂರಿನ ರಸ್ತೆಗಳು ತೋಡಾಗಿದ್ದವು.

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 204.5 ಮಿ.ಮೀ. ದಾಟಿದರೆ ಅತ್ಯಂತ ಭಾರಿ ಮಳೆ. ಸಾವಿರ ಚದರಡಿಯ ಮಾಡಿಗೆ ಅಷ್ಟು ಬಿದ್ದರೆ 18,000 ಲೀಟರಿಗೂ ಮಿಕ್ಕಿ ನೀರು. ಅದೆಲ್ಲ ಮನೆಯ ಹಿಂದಿನ ದರೆಗೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆಗೆ, ಇಂಗಿದರೆ ಕಷ್ಟ ಉಂಟು. ಮೇಲಿನ ಮುರಕಲ್ಲು (ಜಂಬಿಟ್ಟಿಗೆ) ಗಟ್ಟಿಯೇ, ಅಡಿಯಲ್ಲಿರುವ ಮೆದು ಜೇಡಿಯಂಥ ಶೇಡಿ ಮಣ್ಣು ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ. ದರೆಯ ತಲೆಯ ಹಿಂದೆ ಕಣಿ ತೆಗೆದು ನೀರನ್ನು ಬದಿಗೆ ತಿರುಗಿಸಿ, ಕಣಿಗೆ ಸಿಮೆಂಟು ಬಳಿಯಿರಿ. ಇಲ್ಲದಿದ್ದರೆ ಕಣಿಯೇ ನೀರು ಇಂಗಿಸುತ್ತದೆ. ಲಕ್ಷಗಟ್ಟಲೆ ಸುರಿದು ತಡೆಗೋಡೆ ಕಟ್ಟಿ, ನೀರು ಬಸಿಯಲು ಪೈಪು ಇಡದವರೂ ಇದ್ದಾರೆ. ಹಿಂದೆ ನಿಂತ ನೀರೇ ಗೋಡೆಯನ್ನು ದೂಡುತ್ತದೆ ಮಾರಾಯ್ರೆ! ನೆಲದಲ್ಲಿ ಹೊಸ ಬಿರುಕು, ವಾಲಿದ ಮರ, ದರೆಯ ಬುಡದಿಂದ ಒಮ್ಮೆಲೇ ಕೆಸರು ನೀರು ಕಂಡರೆ ಆ ರಾತ್ರಿ ಅಲ್ಲಿ ಮಲಗಬೇಡಿ. ಜಿಲ್ಲೆಯ ವಿಪತ್ತು ಸಹಾಯವಾಣಿ 1077ಕ್ಕೆ ತಿಳಿಸಿ.

ಅಂಗಳಕ್ಕೆ ನೆರೆ ಏರುತ್ತಿದ್ದರೆ, ನಿಂತ ಜಾಗ ಒಣಗಿರುವಾಗಲೇ ಮೈನ್ ಸ್ವಿಚ್ ಆಫ್ ಮಾಡಿ. ಅಷ್ಟಕ್ಕೇ ಮುಗಿಯುವುದಿಲ್ಲ. ಮೈನ್ ಹೋದ ಕೂಡಲೇ ಇನ್ವರ್ಟರ್ ಶುರುವಾಗಿ ಅದರ ಲೈನಿನಲ್ಲಿ ಕರೆಂಟು ಹರಿಯುತ್ತಲೇ ಇರುತ್ತದೆ. ಅದನ್ನು ಬೇರೆಯೇ ಆಫ್ ಮಾಡಬೇಕು. ತಂತಿ ಕಡಿದು ಬಿದ್ದಿದ್ದರೆ ಹತ್ತಿರ ಹೋಗದೆ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಗ್ಯಾಸ್ ಸಿಲಿಂಡರ್ ನೀರಲ್ಲಿ ತೇಲುತ್ತದೆ, ರೆಗ್ಯುಲೇಟರ್ ಬಿಚ್ಚಿ ಕಟ್ಟಿಡಿ.

ಉಳಿದದ್ದು ಸಣ್ಣ ಕೆಲಸ: ಹತ್ತು ದಿನದ ಬಿಪಿ, ಶುಗರ್ ಮಾತ್ರೆ, ಪವರ್ ಬ್ಯಾಂಕ್, ಪ್ಲಾಸ್ಟಿಕ್ ಕವರಿನಲ್ಲಿ ಆರ್‌ಟಿಸಿ ಮತ್ತು ಆಧಾರ್. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್ ಅಂತ ಮೂರು ದಿನದ ನೀರು. ನಾಲ್ಕು ಜನರ ಮನೆಗೆ 48 ಲೀಟರ್.

ಬಾವಿಯನ್ನು ಎಲ್ಲರೂ ಮರೆಯುತ್ತಾರೆ. ನೆರೆ ನೀರು ಕಟ್ಟೆ ದಾಟಿದರೆ ಶೌಚಗುಂಡಿಯದ್ದೂ ಅದರೊಟ್ಟಿಗೇ ಬಂದಿರುತ್ತದೆ. ಕೆಸರು ತಳಕ್ಕಿಳಿದ ಮೇಲೆ ಬ್ಲೀಚಿಂಗ್ ಪೌಡರ್ ಹಾಕಬೇಕು. ಎಷ್ಟು ಅಂತ ತಿಳಿಯಲು ಮೊದಲು ನೀರಿನ ಲೆಕ್ಕ: ಬಾವಿಯ ಅಡ್ಡಗಲವನ್ನು ಅಡ್ಡಗಲದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಆಮೇಲೆ 785ರಿಂದ. ಅಳತೆ ಮೀಟರಿನಲ್ಲಿದ್ದರೆ ಉತ್ತರ ಲೀಟರಿನಲ್ಲಿ ಬರುತ್ತದೆ. 3 ಮೀಟರ್ ಅಗಲ, 4 ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್. ಸಾವಿರಕ್ಕೆ 2.5 ಗ್ರಾಂನಂತೆ 70 ಗ್ರಾಂ ಬ್ಲೀಚಿಂಗ್ ಪೌಡರ್ ಸಾಕು. ನೇರ ಸುರಿಯಬೇಡಿ. ಬಕೆಟಿನಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟು, ತಳದ ಸುಣ್ಣ ಬಿಟ್ಟು ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಕೆಟಿಗೆ ಬಗ್ಗಿಸಿ ಬಾವಿಗಿಳಿಸಿ, ಮೇಲೆ ಕೆಳಗೆ ಆಡಿಸಿ. ಒಂದು ಗಂಟೆ ನೀರು ಸೇದಬೇಡಿ, ಆಮೇಲೂ ಕುದಿಸಿಯೇ ಕುಡಿಯಿರಿ. ಕಳೆದ ವರ್ಷದ ಅರ್ಧ ಪೊಟ್ಟಣ ಅಟ್ಟದಲ್ಲಿದೆಯೇ? ಮೂಗಿಗೆ ಘಾಟು ಹೊಡೆಯದಿದ್ದರೆ ತೇವಕ್ಕೆ ಅದರ ಕ್ಲೋರಿನ್ ಹಾರಿಹೋಗಿದೆ. ಹೊಸತು ತನ್ನಿ.