ಸ್ಕ್ಯಾನ್ ಬರೆಯಲಿಲ್ಲ ಅಂತ ಡಾಕ್ಟರನ್ನು ಬೈಯಬೇಡಿ

"ಅಷ್ಟು ಫೀಸ್ ತಗೊಂಡು ಬರೀ ಮಾತಾಡಿಸಿ ಕಳಿಸಿದರು. ಒಂದು ಸ್ಕ್ಯಾನೂ ಮಾಡಿಸಲಿಲ್ಲ." ಮನೋವೈದ್ಯರ ಹತ್ತಿರ ಹೋಗಿ ಬಂದವರ ಮನೆಯಲ್ಲಿ ಈ ದೂರು ಕೇಳಿ ಕೇಳಿ ಸಾಕಾಗಿದೆ. ಡಿಪ್ರೆಶನ್ ಇದೆ ಅಂತ ಖಚಿತವಾಗಿ ಹೇಳುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇವತ್ತಿಗೂ ಇಲ್ಲ. ಆ ಮಾತುಕತೆಯೇ ಪರೀಕ್ಷೆ.

ಮತ್ತೆ ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಯಾಕೆ ಬರೆಯುತ್ತಾರೆ? ಇವು ಏರುಪೇರಾದರೂ ಸುಸ್ತು, ಮಂಕು ಬರುತ್ತದೆ, ಅದಕ್ಕೆ. ರಿಪೋರ್ಟ್ ನಾರ್ಮಲ್ ಬಂದ ಕೂಡಲೇ "ಏನಿಲ್ಲ, ಸುಮ್ನೆ ಯೋಚನೆ ಮಾಡ್ತೀಯ" ಅನ್ನುತ್ತೇವಲ್ಲ, ಅಲ್ಲೇ ಎಡವುವುದು.

ಡಾಕ್ಟರು ಹುಡುಕುವುದು ಒಂದೆರಡು ದಿನದ ಬೇಜಾರನ್ನಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಪ್ರಕಾರ ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಐದು, ಎರಡು ವಾರ, ಹೆಚ್ಚು ಕಡಿಮೆ ದಿನಾ ಇರಬೇಕು. ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಈ ಎರಡರಲ್ಲಿ ಒಂದು ಇರಲೇಬೇಕು. ಕೆಲಸ, ಮನೆ, ಓದು ಕೆಟ್ಟಿದೆಯಾ ಅಂತಲೂ ನೋಡುತ್ತಾರೆ.

ಕಷ್ಟ ಏನಂದರೆ ನಮ್ಮವರು ಡಾಕ್ಟರ ಮುಂದೆ ಬೇಜಾರು ಅನ್ನುವುದೇ ಇಲ್ಲ. ತಲೆಭಾರ, ಮೈಕೈ ನೋವು, ಗ್ಯಾಸ್, ನಿದ್ದೆ ಇಲ್ಲ ಅನ್ನುತ್ತಾರೆ. ಗ್ಯಾಸಿನ ಮಾತ್ರೆ ನುಂಗುತ್ತಾ ವರ್ಷ ಕಳೆದವರಿದ್ದಾರೆ. ಚೆನ್ನಾಗಿ ಕೇಳುವ ಡಾಕ್ಟರು "ಮೊದಲು ಖುಷಿ ಕೊಡುತ್ತಿದ್ದ ಕೆಲಸ ಈಗಲೂ ಮಾಡ್ತೀರಾ?" ಅಂತ ಬೇರೆ ಬಾಗಿಲಿಂದ ಬರುತ್ತಾರೆ.

ಇನ್ನು ಮೊಬೈಲಿನಲ್ಲಿ ಡಿಪ್ರೆಶನ್ ಎಷ್ಟಿದೆ ಅಂತ ಅಂದಾಜು ಮಾಡುವ ಪ್ರಶ್ನೆಪಟ್ಟಿ ಪಿಎಚ್‌ಕ್ಯೂ-9 ತುಂಬಿ ಸ್ಕ್ರೀನ್‌ಶಾಟ್ ಹಾಕುವವರು. ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಡಾಕ್ಟರಿಗೆ ತೋರಿಸಬೇಕು ಅಂತ ಅರ್ಥ, ಅಷ್ಟೇ. ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡ ಅನ್ನುವಷ್ಟು ಹುರುಪು, ಮಿತಿಮೀರಿದ ಖರ್ಚು, ನಿಲ್ಲದ ಮಾತು ಇತ್ತಾ ಅಂತ ಆ ಹಾಳೆ ಕೇಳುವುದಿಲ್ಲ. ಡಾಕ್ಟರು ಕೇಳಲೇಬೇಕು. ಇದ್ದರೆ ಅದು ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ಕುಗ್ಗಿ ಇನ್ನೊಮ್ಮೆ ಮಿತಿಮೀರಿ ಹುರುಪೇರುವ ಕಾಯಿಲೆ, ಇರಬಹುದು. ಆಗ ಬರೀ ಡಿಪ್ರೆಶನ್ ಮಾತ್ರೆ ಕೊಟ್ಟರೆ ಹುರುಪು ಕೆರಳುವ ಅಪಾಯವಿದೆ. ಐದೇ ನಿಮಿಷದಲ್ಲಿ ಚೀಟಿ ಬರೆದು ಕಳಿಸುವವರ ಬಗ್ಗೆ ನನಗೆ ಸಿಟ್ಟಿರುವುದು ಇದಕ್ಕೇ.

ಜೊತೆಗೆ ಹೋಗುವ ಅಪ್ಪ ಅಮ್ಮ, ಗಂಡ ಹೆಂಡತಿ, ಎಲ್ಲ ಪ್ರಶ್ನೆಗೂ ನೀವೇ ಉತ್ತರ ಕೊಡಬೇಡಿ. ನೀವು ಕಂಡದ್ದನ್ನು ಹೇಳಿ, ಡಾಕ್ಟರು ಹೊರಗೆ ಕೂರಿ ಅಂದರೆ ಬೇಜಾರಿಲ್ಲದೆ ಕೂರಿ. ಸಾಯುವ ಯೋಚನೆ ಬರುತ್ತಾ ಅಂತ ಆಗ ನೇರವಾಗಿ ಕೇಳುತ್ತಾರೆ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅಂಥ ಯೋಚನೆ ಈಗಲೇ ಕಾಡುತ್ತಿದ್ದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.